ಕೈಗೆ ತೊಂದರೆಯಿಲ್ಲವೆಂದು ಕಣ್ಣಿಗೆ ಪೊರೆ ಉಳಿಸಿದವರಿಗೆ

ಚಿಕಿತ್ಸಾ ನೆರವಿನ ಮಾನ್ಯ ಮಂಜೂರಾತಿ ಅಧಿಕಾರಿಗಳೇ,

ನನ್ನ ಹೆಂಡತಿ ರಂಗಮ್ಮಾಳ್ ಅವರ ಎಡಗಣ್ಣಿನ ಪೊರೆ ತೆಗೆಯುವುದು ‘ನಿಷ್ಪ್ರಯೋಜಕ’ ಎಂದು ತಾವು ಸಹಿ ಮಾಡಿ ಕಳಿಸಿದ ಕಾಗದ ತಲುಪಿತು. ಕಾರಣ ಎರಡು ಕೊಟ್ಟಿದ್ದೀರಿ. ಕಣ್ಣಿನ ಹಿಂಪರದೆಯ ನಡುಭಾಗ ಸವೆದಿರುವುದರಿಂದ ಪೊರೆ ತೆಗೆದರೂ ಆಕೆ ಗೋಡೆಯ ಪಟದ ಅಕ್ಷರ ಓದಲಾರಳು. ದುಡಿಮೆಗೂ ತೊಂದರೆಯಿಲ್ಲವೆಂದು ಆಕೆಯೇ ಒಪ್ಪಿದ್ದಾಳೆ. ಎರಡೂ ನಿಜ. ಇಷ್ಟೊಂದು ನಿಜ ಬರೆದೂ ಇಷ್ಟು ದೊಡ್ಡ ಅನ್ಯಾಯ ಮಾಡಬಹುದೆಂದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಕಲಿತೆ.

ಆ ಒಪ್ಪಿಗೆಯ ಕಥೆ ಕೇಳಿ. ಮದುರೆಯ ನಮ್ಮ ಓಣಿಯಲ್ಲಿ ಹೆಂಗಸರು ಸುಂಗುಡಿ ಎಂಬ ಚುಕ್ಕಿ ಸೀರೆಗೆ ದಾರದಿಂದ ಗಂಟು ಕಟ್ಟುತ್ತಾರೆ, ನನ್ನಂಥವರು ಬಣ್ಣಕ್ಕೆ ಅದ್ದುತ್ತೇವೆ. ಗಂಟು ಕಟ್ಟಲು ಕಣ್ಣು ಬೇಡ, ಉಗುರಿನ ಅಂದಾಜು ಸಾಕು. ಅರ್ಜಿ ಕೊಡಲು ಬಂದ ದಿನ ತಮ್ಮ ಗುಮಾಸ್ತರು, “ಕಣ್ಣು ಕಾಣದೆ ಕೆಲಸಕ್ಕೆ ತೊಂದರೆ ಆಗ್ತಿದೆಯಾ ಅಮ್ಮ?” ಎಂದರು. ಐವತ್ತು ವರ್ಷ ಗಂಟು ಕಟ್ಟಿದವಳಿಗೆ ರೇಗದೆ ಇರುತ್ತದೆಯೇ?

“ನನ್ನನ್ನೇನು ಅಂದ್ಕೊಂಡಿದ್ದೀಯಪ್ಪಾ? ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸು, ನಿನ್ನ ಹೆಂಡ್ತಿ ಒಂದು ಗಂಟು ಹಾಕೋದ್ರೊಳಗೆ ಹತ್ತು ಹಾಕ್ತೀನಿ!”

“ಲೇ, ತೊಂದರೆ ಇದೆ ಅನ್ನೇ” ಎಂದು ಮೊಣಕೈಯಲ್ಲಿ ತಿವಿದೆ.

“ಯಾಕನ್ಲಿ? ನನ್ನ ಕೈಗೇನು ಬಂದಿದೆ ರೋಗ?”

ಗುಮಾಸ್ತರು ನಗುತ್ತ ‘ತೊಂದರೆ ಇಲ್ಲ’ ಎಂದು ಬರೆದುಕೊಂಡರು. ಅದು ಹೆಮ್ಮೆಯ ಮಾತು ಸ್ವಾಮಿ, ಅರ್ಜಿಯ ಉತ್ತರವಲ್ಲ.

ಇನ್ನು ಅಕ್ಷರ. ಅವಳು ಯಾವತ್ತು ಓದಿದ್ದಳು? ಹೋದ ವರ್ಷ ಧರ್ಮಾರ್ಥ ಶಿಬಿರವೊಂದರಲ್ಲಿ ಬಲಗಣ್ಣಿನ ಪೊರೆ ತೆಗೆದರು. ಅದರಲ್ಲೂ ಇದೇ ಸವೆತ. ಎದುರು ನಿಂತವರ ಮುಖವಿರಬೇಕಾದಲ್ಲಿ ಬರೀ ಮಸಿ. ಆದರೆ ಪಟ್ಟಿ ಬಿಚ್ಚಿದ ಮರುದಿನ ಕತ್ತು ಓರೆ ಮಾಡಿ, ಕಣ್ಣಂಚಿನಿಂದ ನೋಡುತ್ತ ತಾನೇ ಮೆಟ್ಟಿಲಿಳಿದಳು. ತಟ್ಟೆಯಲ್ಲಿ ಇಡ್ಲಿ ಎಲ್ಲಿದೆ ಎಂದು ಕೇಳಲಿಲ್ಲ. ಬಚ್ಚಲಿಗೆ ನನ್ನ ಕೈ ಹಿಡಿಯದೆ ಹೋದಳು. ಒಣಗಿದ ಸೀರೆಯ ಎರಡು ತುದಿ ಹಿಡಿದು ಎಳೆದಾಗ ಗಂಟುಗಳು ಪಟಪಟ ಬಿಚ್ಚಿ ಚುಕ್ಕಿ ಮೂಡುತ್ತವಲ್ಲ, ಅದನ್ನು ನೋಡಿ, “ಇದೇನ್ರೀ ಕೆಂಪು, ಇಟ್ಟಿಗೆ ಥರ! ನಾನು ನೋಡಲ್ಲ ಅಂತ ಇಷ್ಟು ದಿನ ಹೀಗೇ ಅದ್ದಿದ್ರಾ?” ಎಂದು ಬೈದಳು. ಬೈಸಿಕೊಂಡು ಖುಷಿಗೆ ಅತ್ತುಬಿಟ್ಟೆ. ಇದನ್ನು ಅಳೆಯಲು ತಮ್ಮ ಪಟದಲ್ಲಿ ಯಾವ ಸಾಲಿದೆ?

ಆರು ತಿಂಗಳ ಹಿಂದೆ ಆ ಬಲಗಣ್ಣಿನೊಳಗೆ ರಕ್ತ ಸೋರಿ ಅದು ಪೂರ್ತಿ ಹೋಯಿತು. ಶಿಬಿರದವರು ಈ ಸಲ ಬರಲಿಲ್ಲ. ಹಾಗಾಗಿ ಎಡಗಣ್ಣಿಗೆಂದು ತಮ್ಮ ಬಾಗಿಲಿಗೆ ಬಂದೆವು. ಪೊರೆ ತೆಗೆದರೆ ಇದರಲ್ಲೂ ಅಂಚಿನ ನೋಟ ಸಿಗಬಹುದೆಂದು ಡಾಕ್ಟರಮ್ಮ ಬರೆದ ಚೀಟಿ ತಮ್ಮ ಕಡತದಲ್ಲೇ ಇದೆ. ತಮಗಂತೂ ಓದಲು ಬರುತ್ತದೆ.

ಮೊನ್ನೆ ಅವಳು ಅರ್ಧ ಕಟ್ಟಿದ ಸೀರೆಯನ್ನು ಮಡಿಚಿಟ್ಟಳು. “ಕೈ ನೋವಾ?” ಎಂದೆ.

“ಕೈ ಚೆನ್ನಾಗೇ ಇದೆ. ಬಿಚ್ಚಿದ್ದನ್ನ ನೋಡೋಕಾಗದ ಮೇಲೆ ಯಾರಿಗೋಸ್ಕರ ಕಟ್ಟಲಿ ರೀ?”

ಆಮೇಲೆ ದಾರ ಮುಟ್ಟಿಲ್ಲ. ಗೋಡೆಗೆ ಒರಗಿ ಕೂತಿರುತ್ತಾಳೆ. ಊಟಕ್ಕೆ ಕರೆದರೆ ಬೇಡ ಅನ್ನುತ್ತಾಳೆ.

ಹೊಸ ಕಾರಣವಿದ್ದರೆ ತಿಳಿಸಿ ಎಂದು ಕಾಗದದ ಕೊನೆಗೆ ಬರೆದಿದ್ದೀರಿ. ತಿಳಿಸುತ್ತಿದ್ದೇನೆ. ಈಗ ಅವಳ ದುಡಿಮೆ ನಿಂತಿದೆ. ತಮ್ಮ ನಿಯಮಕ್ಕೆ ಬೇಕಾದಷ್ಟು ಅವಳು ಹಾಳಾಗಿದ್ದಾಳೆ. ಈ ವಾರದೊಳಗೆ ಮಂಜೂರು ಮಾಡಿ.

ಇಂತಿ,
ತಮ್ಮ ಕಡತದ ಪ್ರಕಾರ ಸುಖವಾಗಿರುವ ಮನೆಯ ಯಜಮಾನ,
ದಾಮೋದರನ್, ಬಣ್ಣ ಅದ್ದುವವನು, ಮದುರೆ