ಹುಲ್ಲಲ್ಲಿ ಉಳಿದ ಮೂರು ಮರಿಗಳು

ಆಕಾಶದಲ್ಲಿರಬೇಕಾಗಿದ್ದು, ಸದ್ಯಕ್ಕೆ ನೆಲದ ಮೇಲೆ ಬಿಡಾರ ಹೂಡಿರುವ ಕ್ಯಾಪ್ಟನ್ ಅಕ್ಕನವರ ಸನ್ನಿಧಾನಕ್ಕೆ,

ರನ್‌ವೇ ಮೇಲಿನ ಸಕಲ ನಾಲ್ಕು ಕಾಲಿನವರನ್ನೂ ಜೀಪಿನಲ್ಲಿ ಅಟ್ಟುವ ಅಧಿಕಾರಿಣಿ, ಅಂದರೆ ನಾನು, ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ಮೊಲಗಳಂತೂ ಅಗತ್ಯಕ್ಕಿಂತ ಹೆಚ್ಚು ಕ್ಷೇಮ. ನಿನ್ನೆ ಒಂದು ಮೊಲ ಬಿಳಿ ಗೀಟಿನ ಮೇಲೇ ಕೂತು ಮುಖ ತೊಳೆದುಕೊಳ್ಳುತ್ತಿತ್ತು. ಆಸಾಮಿಯೊಬ್ಬ ಪರವಾನಗಿ ಇಲ್ಲದೆ ಸ್ನಾನ ಮಾಡುತ್ತಿದ್ದಾನೆಂದು ವಾಕಿಟಾಕಿಯಲ್ಲಿ ವರದಿ ಒಪ್ಪಿಸಿದೆ. ವಿಮಾನ ಹಾರಿಸಲು ಕಲಿಸುವ ನಿಮ್ಮ ಜಾಗಕ್ಕೆ ಬಂದಿರುವ ಹೊಸ ಮೇಷ್ಟ್ರು "ಸರಿ, ಓಡಿಸು" ಅಂದರು. ಅಷ್ಟೇ. ನೀವಾಗಿದ್ದರೆ ಆಸಾಮಿಯ ವಕೀಲರು ಯಾರೆಂದು ಕೇಳುತ್ತಿದ್ದಿರಿ, ಸೋಪು ಜಪ್ತಿ ಮಾಡಲು ಆಜ್ಞೆ ಹೊರಡಿಸುತ್ತಿದ್ದಿರಿ. ಪಕ್ಕದಲ್ಲಿ ಕೂತ ವಿದ್ಯಾರ್ಥಿ ಕಕ್ಕಾಬಿಕ್ಕಿಯಾಗುತ್ತಿದ್ದ.

ನೀವು ಹೋಗಿ ಏಳು ತಿಂಗಳಾಯಿತು. ವಾಕಿಟಾಕಿ ಗೊರಗೊರ ಅಂದಾಗಲೆಲ್ಲ ನಿಮ್ಮ ದನಿ ಬರುತ್ತದೇನೋ ಅಂತ ಈಗಲೂ ಕಿವಿ ನೆಟ್ಟಗಾಗುತ್ತದೆ. ನಿಮ್ಮ ಹೆಡ್‌ಫೋನು ಶೆಡ್ಡಿನ ಗೋಡೆಯ ಮೊಳೆಯಲ್ಲೇ ಇದೆ. ಬೇರೆ ಯಾರಾದರೂ ಕೈ ಹಾಕಿದರೆ ಮೆಕ್ಯಾನಿಕ್ ಮಾವ ಸ್ಪ್ಯಾನರು ಹಿಡಿದುಕೊಂಡೇ ತಿರುಗಿ ನೋಡುತ್ತಾರೆ. ನಿಮ್ಮ ವಿಮಾನ ರಿಪೇರಿಯಾಗಿದೆ. ಅದರ ಮೂಗು ಹೊಸದಾದರೂ ಮುನಿಸು ಹಳೆಯದೇ, ನಿಮ್ಮ ಕೈ ತಾಗದೆ ಸರಿಹೋಗುವುದಿಲ್ಲ ಎಂಬುದು ಮಾವನವರ ತೀರ್ಪು.

ಹೋದ ವಾರ ಅದೇ ಮಾವ ಕೈಯ ಗ್ರೀಸು ಒರೆಸಿಕೊಳ್ಳುತ್ತ, ನೀವು ನಮ್ಮ ಶಾಲೆಯ ದೊಡ್ಡ ಸಾಹೇಬರಿಗೆ ಕಾಗದ ಬರೆದಿರುವ ಸುದ್ದಿ ಹೇಳಿದರು. ಇನ್ನು ಹಾರುವುದಿಲ್ಲವಂತೆ. ನಿಮ್ಮ ಕಣ್ಣು ಮೊದಲಿನಂತಿಲ್ಲವಂತೆ. ಅಪಘಾತದ ದಿನ ಕಾಡುಹಂದಿ ಬರುವುದನ್ನು ಮೊದಲೇ ಕಾಣಬೇಕಿತ್ತಂತೆ.

ಅಕ್ಕ, ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಕಂಡೂ ಸುಮ್ಮನಿದ್ದವಳು ನಾನು.

ಆ ಬೆಳಿಗ್ಗೆ ರನ್‌ವೇಯ ಆ ತುದಿಯಲ್ಲಿ ಹಂದಿ ಇತ್ತು. ಹಾರ್ನ್ ಹೊಡೆದು ಎಡಗಡೆಯ ಹುಲ್ಲಿಗೆ ಅಟ್ಟಿದೆ. ಆಮೇಲೆ ಬಲಗಡೆ ನೋಡಿದರೆ ಮೂರು ಮರಿ, ಬೆನ್ನ ಮೇಲೆ ಗೆರೆ ಗೆರೆ, ಹುಲ್ಲಲ್ಲಿ ಒತ್ತಿಕೊಂಡು ನಿಂತಿದ್ದವು. ಕೆಲಸಕ್ಕೆ ಸೇರಿದ ಮೊದಲ ದಿನವೇ ನೀವು ಹೇಳಿಕೊಟ್ಟಿದ್ದಿರಿ: "ರನ್‌ವೇ ಒಂದೇ ನೋಡಬೇಡ ಕಣೇ, ಹುಲ್ಲು ನೋಡು. ಮರಿ ಇದ್ರೆ ತಾಯಿ ವಾಪಸ್ ಬಂದೇ ಬರುತ್ತೆ. ಎಲ್ಲಾ ಒಂದೇ ಕಡೆ ಸೇರೋವರೆಗೂ ಕಾಯಿ." ನಾನು ಕಾಯಲಿಲ್ಲ. ತಾಯಿಯನ್ನು ಗಡೀಪಾರು ಮಾಡಿದ್ದೇನೆಂದು ನಿಮಗೆ ಯಾವ ಧಾಟಿಯಲ್ಲಿ ವರದಿ ಕೊಡಲಿ ಅನ್ನುವುದೇ ತಲೆಯಲ್ಲಿ ಕುಣಿಯುತ್ತಿತ್ತು. ಟಾರಿನ ಮೇಲೆ ಏನೂ ಇಲ್ಲವಲ್ಲ ಅಂದುಕೊಂಡು ವಾಕಿಟಾಕಿಯಲ್ಲಿ "ಹಂದಿ ಗಡೀಪಾರು, ದಾರಿ ಖಾಲಿ" ಅಂದುಬಿಟ್ಟೆ. ನೀವು ನಗುತ್ತಲೇ ವೇಗ ಕೊಟ್ಟಿರಿ.

ಚಕ್ರ ಇನ್ನೇನು ನೆಲ ಬಿಡಬೇಕು, ತಾಯಿ ಮರಿಗಳ ಕಡೆಗೆ ನುಗ್ಗಿತು. ಅಷ್ಟು ಹತ್ತಿರದಲ್ಲಿ ಯಾವ ಕಣ್ಣು ತಾನೇ ಏನು ಮಾಡೀತು? ನೀವು ತಿರುಗಿಸಿದಿರಿ, ಚಕ್ರ ಚರಂಡಿಗೆ ಇಳಿಯಿತು, ಮೂಗು ಮಣ್ಣಿಗೆ ಹೊಕ್ಕಿತು. ವಿದ್ಯಾರ್ಥಿಯ ಹಣೆ ತರಚಿತು, ನಿಮ್ಮ ಭುಜ ಮುರಿಯಿತು. ಹಂದಿ ಸಂಸಾರ ಸಮೇತ ಕಾಡು ಸೇರಿತು.

ವಿಚಾರಣೆಯ ದಿನ ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕಟ್ಟಿಕೊಂಡು ಕೂತು ನೀವು ಅಂದಿರಿ: "ಅವಳು ಸರಿಯಾಗೇ ನೋಡಿದ್ದಾಳೆ. ತಡ ಮಾಡಿದ್ದು ನಾನು." ಬಾಗಿಲ ಹತ್ತಿರ ನಿಂತಿದ್ದ ನಾನು ನನ್ನ ಬೂಟು ನೋಡಿಕೊಂಡೆ. ಊರಿಗೆಲ್ಲ ಬಾಯಿ ಮಾಡುವವಳಿಗೆ ಆವತ್ತು ಒಂದು ಮಾತೂ ಹೊರಡಲಿಲ್ಲ. ಜೀಪು ಕಿತ್ತುಕೊಳ್ಳುತ್ತಾರೆಂಬ ಹೆದರಿಕೆ. ಅದಕ್ಕಿಂತ ದೊಡ್ಡ ಹೆದರಿಕೆ, ನೀವು ಮತ್ತೆ ನನ್ನ ಜೊತೆ ನಗುವುದಿಲ್ಲವೇನೋ ಅಂತ. ಈಗ ಹೇಗೂ ನಗುವುದಕ್ಕೆ ನೀವಿಲ್ಲ.

ಇವತ್ತು ಮಧ್ಯಾಹ್ನ ಇದನ್ನೆಲ್ಲ ಬರೆದು ದೊಡ್ಡ ಸಾಹೇಬರ ಕೈಗೇ ಕೊಟ್ಟೆ. ಎರಡು ಸಲ ಓದಿದರು, ಕನ್ನಡಕ ತೆಗೆದಿಟ್ಟರು, ಜೀಪಿನ ಕೀಲಿಗೆ ಕೈ ಚಾಚಿದರು. ಕೊಟ್ಟುಬಿಟ್ಟೆ. ನಾಳೆಯಿಂದ ಇನ್ನೊಬ್ಬಳು ಅಟ್ಟುತ್ತಾಳೆ. ಮೊದಲು ಹುಲ್ಲು ನೋಡಬೇಕೆಂದು ಅವಳಿಗೆ ಹೇಳಿಕೊಟ್ಟಿದ್ದೇನೆ.

ನನ್ನನ್ನು ಕ್ಷಮಿಸಿ ಅಂತ ಕೇಳುತ್ತಿಲ್ಲ. ಹಾರುವುದನ್ನು ಬಿಡಬೇಡಿ, ಅಷ್ಟೇ. ನಾನು ಬೇಲಿಯ ಆಚೆ, ರಸ್ತೆಯಲ್ಲಿ ನಿಂತು ನೋಡುತ್ತೇನೆ. ಕೈ ಬೀಸುವುದೂ ಇಲ್ಲ.

ನಿಮ್ಮ ಭುಜ ಗಟ್ಟಿಯಾಗಲಿ, ಚಕ್ರ ನೆಲ ಬಿಡುವ ಆ ಗಳಿಗೆ ಮತ್ತೆ ನಿಮ್ಮದಾಗಲಿ ಎಂದು ಹಾರೈಸುವ,

ನಿಮ್ಮ ಬೈಗುಳಕ್ಕಾದರೂ ಕಾಯುತ್ತಿರುವ ತಂಗಿ