ಟೈಲರಮ್ಮನ ಬಾಗಿಲ ಚಿಲಕ

ನಮ್ಮ ಮನೆಯ ಹೊಸ ಬೋಧಕನಿಗೆ ಅಜ್ಜಿಯ ಆಶೀರ್ವಾದ.

ಹೋದ ಸಲ ಬಂದಾಗ ನೀನು ಎದುರುಮನೆಯ ಟೈಲರಮ್ಮನಿಗೆ ಯೇಸುವಿನ ಸುವಾರ್ತೆ ಹೇಳಲು ಹೋಗಿದ್ದೆಯಲ್ಲ, ನೀನು ಬಾಗಿಲು ಬಡಿದ ರಭಸಕ್ಕೆ ಅವಳ ಚಿಲಕ ಕಿತ್ತುಬಂದಿದೆ. ಪಾಪ, ಬಾಗಿಲಿಗೆ ಕುರ್ಚಿ ಒತ್ತಿಟ್ಟು ಮಲಗುತ್ತಾಳೆ. ನನ್ನ ಜೊತೆಗೂ ಮಾತು ಬಿಟ್ಟಿದ್ದಳು. ಕೊನೆಗೆ ನಾನೇ ನಾಚಿಕೆ ಬಿಟ್ಟು ಹೋದೆ.

"ನಿಮ್ಮ ಮೊಮ್ಮಗ ಅಷ್ಟು ಹೊತ್ತು ಮಾತಾಡ್ದ ಅಜ್ಜಿ. ನನ್ನ ಗಂಡ ಹೇಗೆ ತೀರ್ಕೊಂಡ್ರು ಅಂತ ಒಂದ್ಸಲನೂ ಕೇಳ್ಲಿಲ್ಲ" ಅಂದಳು.

ನಾನು ಕೇಳಿದೆ. ಅವಳು ಹೇಳುತ್ತಾ ಹೋದಳು, ನಾನು ಅವಳು ಹೊಲಿದ ಅಂಗಿಗಳಿಗೆ ಗುಂಡಿ ಹಾಕುತ್ತಾ ಕೂತೆ. ನನ್ನ ಬಾಯಿ ಅಷ್ಟು ಹೊತ್ತು ಮುಚ್ಚಿದ್ದನ್ನು ನಿನ್ನ ತಾತ ನೋಡಿದ್ದರೆ ಡಾಕ್ಟರನ್ನು ಕರೆಸುತ್ತಿದ್ದರು.

ಈಗ ದಿನಾ ಹೋಗುತ್ತೇನೆ. ನಿನ್ನೆ ಅವಳೇ, "ಟೀ ಕುಡಿಯೋ ಮುಂಚೆ ಕಣ್ಮುಚ್ಕೊಂಡು ಏನ್ ಹೇಳ್ತೀರಾ?" ಎಂದು ಕೇಳಿದಳು.

"ಯೇಸಪ್ಪನಿಗೆ ಥ್ಯಾಂಕ್ಸ್ ಹೇಳ್ತೀನಿ. ನಿನ್ನನ್ನ ನೋಡ್ಕೋ ಅಂತಾನೂ ಹೇಳ್ತೀನಿ" ಅಂದೆ.

ಮೆಷಿನ್ ನಿಲ್ಲಿಸಿ, "ನಂಗೂ ಕೇಳೋ ಹಾಗೆ ಹೇಳಿ" ಅಂದಳು. ಹೇಳಿದೆ. ನಡೆದದ್ದು ಅಷ್ಟೇ, ಸಭೆಯಲ್ಲಿ ಡಂಗುರ ಸಾರಬೇಡ.

ಭಾನುವಾರ ಆರಾಧನೆ ಮುಗಿಸಿ ಬಾ. ನಿನ್ನ ಸುವಾರ್ತೆ ಪುಸ್ತಕಗಳ ಚೀಲ ನಮ್ಮ ಮನೆಯಲ್ಲೇ ಇಟ್ಟು, ಸ್ಕ್ರೂಡ್ರೈವರ್ ಹಿಡಿದು ಹೋಗು. ಬಾಗಿಲು ಮೆಲ್ಲಗೆ ತಟ್ಟು. ಕ್ಷಮೆ ಕೇಳಿ, ಚಿಲಕವನ್ನು ಒಳಗಡೆಯಿಂದ ಭದ್ರವಾಗಿ ಕೂರಿಸಿಕೊಡು. ಬೇಡ ಅನ್ನಿಸಿದ ದಿನ ಅವಳು ನಮ್ಮಿಬ್ಬರಿಗೂ ಬಾಗಿಲು ಹಾಕಿಕೊಳ್ಳುವಂತಿರಬೇಕು.

ಇಂತಿ,
ನಿನ್ನ ಬಾಯಿಬಡುಕಿ ಅಜ್ಜಿ