ಬಾಗಿಲು ಕಾಯುವ ಅಜ್ಜಿ

ಅತ್ತೆಯವರಿಗೆ ಸೊಸೆಯ ನಮಸ್ಕಾರ.

ನಾವು ಕ್ಷೇಮ. ನೀವು ಫೋನ್ ಎತ್ತುತ್ತಿಲ್ಲವಾದ್ದರಿಂದ ನಿಮ್ಮ ಮಗನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಮಂಡಿನೋವು ಹೇಗಿದೆ? ನಿಮ್ಮ ಮಗಳ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ನಿಧಾನವಾಗಿ ಹತ್ತಿ.

ಇನ್ನು ನಮ್ಮ ಕಾರ್ಡ್ ಆಟದ ವಿಷಯ. ಜೋಡಿ ಪಂದ್ಯಕ್ಕೆಂದು ಇಬ್ಬರೂ ಸೇರಿ ಫೋನಿನಲ್ಲಿ ಕಟ್ಟಿದ ಕಾರ್ಡುಗಳ ಡೆಕ್ಕಿನಿಂದ ನಿಮ್ಮ 'ಬಾಗಿಲು ಕಾಯುವ ಅಜ್ಜಿ' ಕಾರ್ಡನ್ನು ನಾನು ಕೇಳದೆ ತೆಗೆದು ಬೆಂಕಿ ಉಗುಳುವ ಕುದುರೆಯನ್ನು ಹಾಕಿದೆ. ನೀವು ಚೀಲ ತುಂಬಿಕೊಂಡು ಹೊರಟಿರಿ. ಅಂದಿನಿಂದ ಒಂದು ಆಟವನ್ನೂ ಗೆದ್ದಿಲ್ಲ. ಕುದುರೆ ಮೊದಲ ಸುತ್ತಿನಲ್ಲೇ ಕುಣಿದು ಸುಸ್ತಾಗುತ್ತದೆ. ಆಮೇಲೆ ಎದುರಾಳಿ ನಮ್ಮ ನಡುಮನೆಯಲ್ಲೇ ಕಾಲು ಚಾಚಿ ಕೂರುತ್ತಾನೆ. ನಿಮ್ಮ ಮಗ ಇಣುಕಿ ನೋಡಿ, "ಏನೇ ಇದು, ಎಲ್ಲರೂ ಊರು ಸುತ್ತೋಕೆ ಹೊರಟೋರೇ. ಮನೇಲಿ ಇರೋರು ಯಾರು?" ಅಂದರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಈ ಆಟದಲ್ಲಿ ಇಬ್ಬರಿಗೂ ಒಂದೇ ಕಾಲ ಕೂಡಿಬರಬೇಕು, ಏನು ಮಾಡುವುದು? ಅಜ್ಜಿಯನ್ನು ಮತ್ತೆ ಒಳಗೆ ಕರೆದುಕೊಂಡಿದ್ದೇನೆ. ಆದರೆ ಅವಳನ್ನು ಯಾವಾಗ ಆಟಕ್ಕೆ ಇಳಿಸಬೇಕೆಂಬುದು ನಿಮಗೇ ಗೊತ್ತು. ನನ್ನ ಕೈಗೆ ಸಿಕ್ಕರೆ ಅವಳು ಬಾಗಿಲು ಬಿಟ್ಟು ಹಿತ್ತಿಲು ಕಾಯುತ್ತಾಳೆ.

ಭಾನುವಾರ ಬೆಳಿಗ್ಗೆ ಪಂದ್ಯ. ಜೋಡಿಯಲ್ಲಿ ಒಬ್ಬರು ಬಾರದಿದ್ದರೆ ಇಬ್ಬರೂ ಹೊರಗೆ.

ಮಂಡಿಗೆ ಹಚ್ಚುವ ಎಣ್ಣೆ, ಓದುವ ಕನ್ನಡಕ ಎರಡನ್ನೂ ಇದರ ಜೊತೆ ಕಳಿಸಿದ್ದೇನೆ. ಫೋನಿನ ಚಾರ್ಜರ್ ಮಾತ್ರ ಕಳಿಸಿಲ್ಲ. ಅದು ನಿಮ್ಮ ಕುರ್ಚಿಯ ಪಕ್ಕದಲ್ಲೇ ಇದೆ, ಬಂದು ತೆಗೆದುಕೊಳ್ಳಿ.

ಇಂತಿ ನಿಮ್ಮ ಜೋಡಿ,
ಸೊಸೆ